ಸಸಿ ಮಾರಾಟ ನಮ್ಮ ಪಾರ್ಕಿಗೇ ಬರಲಿ

ಬೆಂಗಳೂರಿನಲ್ಲಿ ಪರಿಸರ ದಿನದ ಕಾರ್ಯಕ್ರಮಗಳು ಜೂನ್ 5ಕ್ಕೇ ಮುಗಿದುಹೋಗುತ್ತವೆ. ಗಿಡ ನೆಡಬೇಕು ಎನ್ನುವ ಜನರಿಗೆ ಸಸಿ ಮಾತ್ರ ಹತ್ತಿರದಲ್ಲಿ ಸಿಗುವುದಿಲ್ಲ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಹೊಂಗೆ, ಬೇವು, ನೇರಳೆ ಸಸಿಗಳಿಗೆ ಬೆಲೆ ಕಡಿಮೆಯೇ. ಆದರೆ ಕೆಲಸಕ್ಕೆ ರಜೆ ಹಾಕಿ ಅಷ್ಟು ದೂರ ಹೋಗಿ ತರುವವರು ಎಷ್ಟು ಜನ?

ಕಳೆದ ವರ್ಷ ನಮ್ಮ ಬೀದಿಯಲ್ಲಿ ಸಮಾರಂಭ ಮಾಡಿ ನೆಟ್ಟ ಹೊಂಗೆ ಸಸಿಯೊಂದು ಒಣಗಿತು. ಕಿತ್ತು ನೋಡಿದರೆ ಬೇರಿನ ಸುತ್ತ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು! ತುಂಬಾ ಬೇಜಾರಾಯಿತು. ಮನೆಯವರೇ ಕಾಸು ಕೊಟ್ಟು ತಂದು ನೆಟ್ಟಿದ್ದರೆ ದಿನಾ ಒಂದು ಚೊಂಬು ನೀರಾದರೂ ಹಾಕುತ್ತಿದ್ದರು, ಅಲ್ವಾ?

ವನಮಹೋತ್ಸವ 1950ರಿಂದಲೂ ಜುಲೈ ಮೊದಲ ವಾರದಲ್ಲೇ ನಡೆಯುತ್ತಿದೆ. ನಮ್ಮ ಊರಿಗೆ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್‌ನಲ್ಲಿ. ಜುಲೈನಲ್ಲಿ ನೆಟ್ಟ ಸಸಿಗೆ ಬೇರು ಹಿಡಿಯುವವರೆಗೂ ಮಳೆ ನೀರು ಸಿಗುತ್ತದೆ. ಆದ್ದರಿಂದ ಅರಣ್ಯ ಇಲಾಖೆ ಮತ್ತು ಪಾಲಿಕೆ ಸೇರಿ ಜುಲೈನ ಒಂದು ಭಾನುವಾರ ಪ್ರತಿ ವಾರ್ಡಿನ ಪಾರ್ಕಿನಲ್ಲೇ ಸಸಿ ಮಾರಾಟ ಇಡಲಿ. ಕರೆಂಟ್ ತಂತಿಯ ಕೆಳಗೆ ಯಾವ ಗಿಡ ನೆಡಬೇಕು, ಗುಂಡಿ ಎಷ್ಟು ಆಳ ಇರಬೇಕು ಎಂದು ಹೇಳಿಕೊಡಲು ಒಬ್ಬ ಅನುಭವಿ ಮಾಲಿಯೂ ಅಲ್ಲಿರಲಿ.

– ಒಬ್ಬ ನಿವಾಸಿ, ಬೆಂಗಳೂರು