ಮುದುಕ ಯಾಕ ಸಾಯಬೇಕಿತ್ತು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಟಾಕಿ ಚಿತ್ರಗಳ ಬಗ್ಗೆ ಬಂದ ಲೇಖನ ಓದಿದೆ. ನಿರ್ದೇಶಕ ವಿ. ಶಾಂತಾರಾಮ್ ಅವರ 1937ರ ಹಿಂದಿ ಚಿತ್ರ 'ದುನಿಯಾ ನ ಮಾನೆ' (ಮರಾಠಿಯಲ್ಲಿ 'ಕುಂಕೂ') ಬಗ್ಗೆ ಬರೆಯುತ್ತಾ, ಕೊನೆಯಲ್ಲಿ ಮುದಿ ಗಂಡ ಮಾಡುವ ತ್ಯಾಗವೇ ಚಿತ್ರದ ಹಿರಿಮೆ ಎಂದಿದ್ದಾರೆ ಲೇಖಕರು. ಈ ಮಾತನ್ನು ನಾನು ಒಪ್ಪುವುದಿಲ್ಲ.

ಲೇಖನ ಓದಿದ ರಾತ್ರಿಯೇ ಅಜ್ಜಿಯ ಜೊತೆ ಕೂತು ಚಿತ್ರ ನೋಡಿದೆ. ಅಜ್ಜಿಗೆ ಹಿಂದಿ ಬರುವುದಿಲ್ಲ. ಆದರೂ ಕಥೆ ಹೇಳಿಕೊಡಬೇಕಾಗಲಿಲ್ಲ. ದುಡ್ಡಿನ ಆಸೆಗೆ ಸೋದರಮಾವ ಹುಡುಗಿಯನ್ನು ವಯಸ್ಸಾದ ವಕೀಲನಿಗೆ ಕಟ್ಟುತ್ತಾನೆ. ಹೆಂಡತಿ ಸತ್ತವನು, ಬೆಳೆದ ಮಕ್ಕಳಿರುವವನು. ಹುಡುಗಿ ಮೂಲೆ ಸೇರಿ ಅಳುತ್ತಾ ಕೂರುವುದಿಲ್ಲ. ನೀನು ನನ್ನ ಗಂಡನೇ ಅಲ್ಲ ಎಂದು ಅದೇ ಮನೆಯಲ್ಲಿ ನಿಂತು ಹಟ ಹಿಡಿಯುತ್ತಾಳೆ. ಹುಡುಗಿಯ ಪಾತ್ರ ಮಾಡಿದ ಶಾಂತಾ ಆಪ್ಟೆ ಅವರ ಕಣ್ಣಿನಲ್ಲಿ ಆ ಹಟ ಕಾಣುತ್ತದೆ. ಕೂಗಾಟ ಬೇಕಾಗಿಲ್ಲ.

ಇನ್ನೊಂದು ಸಂಗತಿ ಲೇಖನದಲ್ಲಿ ಬಂದೇ ಇಲ್ಲ. ನಮ್ಮ ದೇಶದ ಸಿನಿಮಾಕ್ಕೆ ಮಾತು ಬಂದಿದ್ದು 1931ರಲ್ಲಿ, ಕನ್ನಡಕ್ಕೆ 1934ರಲ್ಲಿ. ಎಲ್ಲರೂ ಹಾಡಿನ ಮೇಲೆ ಹಾಡು ತುಂಬುತ್ತಿದ್ದ ಕಾಲ ಅದು. ಈ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ! ಹಾಡು ಬಂದರೂ ಮನೆಯಲ್ಲಿರುವ ಗ್ರಾಮಫೋನಿನಂಥ, ಕಥೆಯೊಳಗಿನ ವಾದ್ಯವೇ. ಉಳಿದಂತೆ ಮನೆಯೊಳಗಿನ ಸದ್ದುಗಳು, ಗೋಡೆ ಗಡಿಯಾರದ ಟಕ್ ಟಕ್. ಅದು ಆ ಮುದುಕನ ವಯಸ್ಸನ್ನೇ ಎಣಿಸುತ್ತಿದೆಯೇನೋ ಅನ್ನಿಸುತ್ತದೆ. "ಆ ಸದ್ದಿಗೆ ಎದಿ ಡವಡವ ಅಂತೈತಿ" ಅಂದಳು ಅಜ್ಜಿ.

ಇಷ್ಟು ಗಟ್ಟಿಯಾಗಿ ನಡೆದ ಚಿತ್ರ ಕೊನೆಗೆ ಹಿಂಜರಿಯುತ್ತದೆ. ಮುದುಕನಿಗೆ ತಪ್ಪಿನ ಅರಿವಾಗುತ್ತದೆ. ಬೇರೆ ಮದುವೆಯಾಗು ಎಂದು ಅವಳಿಗೆ ಪತ್ರ ಬರೆದಿಟ್ಟು ಜೀವ ಕಳೆದುಕೊಳ್ಳುತ್ತಾನೆ. ಕೇಶವರಾವ್ ದಾತೆ ಚೆನ್ನಾಗಿ ನಟಿಸಿದ್ದಾರೆ, ನನಗೂ ಕಣ್ಣು ತುಂಬಿತು. ಆಮೇಲೆ ಸಿಟ್ಟು ಬಂತು. ಚಿತ್ರವಿಡೀ ಹೋರಾಡಿದವಳು ಅವಳು. ನಮ್ಮ ಕಣ್ಣೀರು ಮಾತ್ರ ಅವನ ಪಾಲಿಗೆ! ಅವಳ ಬಿಡುಗಡೆಯೂ ಅವನು ಕೊಟ್ಟ ದಾನವಾಯಿತು, ಅಲ್ವಾ?

ಅಜ್ಜಿ ಕೇಳಿದ್ದು ಒಂದೇ ಮಾತು. "ಮುದುಕ ಯಾಕ ಸಾಯಬೇಕಿತ್ತು? ಬಿಡುಗಡಿ ಮಾಡಿದ್ರ ಆಗ್ತಿರಲಿಲ್ಲೇನು?"

ಆಗುತ್ತಿರಲಿಲ್ಲ. ವಿಧವೆಯ ಮರುಮದುವೆಗೆ 1856ರಲ್ಲೇ ಕಾನೂನು ಬಂದಿತ್ತು. ಹಿಂದೂ ಹೆಣ್ಣುಮಕ್ಕಳಿಗೆ ದೇಶದ ಉದ್ದಗಲಕ್ಕೂ ವಿಚ್ಛೇದನದ ಹಕ್ಕು ಸಿಕ್ಕಿದ್ದು 1955ರಲ್ಲಿ. ಅಂದರೆ ಗಂಡ ಬದುಕಿದ್ದರೆ ಅವಳಿಗೆ ದಾರಿಯಿಲ್ಲ, ಸತ್ತರೆ ಮಾತ್ರ ಉಂಟು. ನಮ್ಮ ಕಡೆ ಎಷ್ಟೋ ಜಾತಿಗಳಲ್ಲಿ ಬಿಡುಗಡೆ (ಗಂಡನನ್ನು ಬಿಡುವುದು), ಉಡಿಕೆ (ಮರುಮದುವೆ) ಎರಡೂ ಮೊದಲಿನಿಂದ ಇದ್ದವು. ಅಜ್ಜಿ ಕೇಳಿದ್ದು ಅದನ್ನು ಕಂಡವಳಾಗಿ. ವಕೀಲನ ಮೇಲ್ಜಾತಿ ಮನೆಗೆ ಆ ಬಾಗಿಲು ಇರಲಿಲ್ಲ. ಚಿತ್ರ ಈ ಅನ್ಯಾಯವನ್ನು ಎದುರಿಗಿಟ್ಟು ತೋರಿಸಬಹುದಿತ್ತು. ಅದನ್ನು ಬಿಟ್ಟು ಒಬ್ಬ ಗಂಡಸಿನ ದೊಡ್ಡತನ ಮಾಡಿ ಮುಗಿಸಿತು. ಲೇಖಕರು ಅದನ್ನೇ ತ್ಯಾಗ ಎಂದು ಕೊಂಡಾಡಿದ್ದು ನನಗೆ ನೋವಾಯಿತು.

ಅಜ್ಜಿಗೆ ಮದುವೆಯಾದಾಗ 13 ವರ್ಷ. ಅಜ್ಜನಿಗೆ ಅದು ಎರಡನೆಯ ಸಂಬಂಧ. ನಮ್ಮ ತಾಲ್ಲೂಕಿನಲ್ಲಿ ಈಗಲೂ ಶಾಲೆ ಬಿಡಿಸಿ ಮದುವೆ ಮಾಡುವ ಸುದ್ದಿ ಕೇಳುತ್ತಲೇ ಇರುತ್ತೇವೆ. ಹಾಗಾಗಿ ಇದು ನನಗೆ ಸುಮ್ನೆ ಹಳೆಯ ಸಿನಿಮಾ ಅಲ್ಲ.

ಲೇಖನದ ಜೊತೆ ಶಾಂತಾರಾಮ್ ಅವರ ಫೋಟೊ ಹಾಕಿದ್ದಿರಿ. ಶಾಂತಾ ಆಪ್ಟೆ ಅವರ ಹೆಸರು ಒಂದೇ ಸಾಲಿನಲ್ಲಿ ಮುಗಿದಿತ್ತು. ಅವರ ಬಗ್ಗೆ ಒಂದು ಪೂರ್ತಿ ಪುಟ ಬರೆಸಿ ಎಂದು ಕೇಳಿಕೊಳ್ಳುತ್ತೇನೆ.

— ಒಬ್ಬ ಓದುಗಾರ್ತಿ, ಕುಷ್ಟಗಿ, ಕೊಪ್ಪಳ ಜಿಲ್ಲೆ