ಅಲ್ಬೇನಿಯಾದ ತಿರಾನಾದಿಂದ ಗೆಳೆಯನಿಗೊಂದು ಪತ್ರ: ಇಲ್ಲಿನ ಕೋಳಿ ಅನ್ನದ ಬಗ್ಗೆ

ಲೋ ದೋಸ್ತ್,

ಅಲ್ಲಿ ಊಟಕ್ಕೇನ್ ಮಾಡ್ತೀಯೋ, ಬರೀ ಬ್ರೆಡ್ಡು ಚೀಸೇ ಗತಿನಾ ಅಂತ ಕೇಳಿದ್ದಲ್ಲ, ಅಲ್ಬೇನಿಯಾದಲ್ಲಿ ಅನ್ನಕ್ಕೇನೂ ಬರ ಇಲ್ಲ ಕಣೋ. ಪುಲೆ ಮೆ ಓರಿಝ್ ಅಂತ ಮಾಡ್ತಾರೆ, ಕೋಳಿ ಹಾಕಿ ಓವನ್ನಲ್ಲಿ ಬೇಯಿಸೋ ಅನ್ನ. ನಾಲ್ಕು ಶತಮಾನಕ್ಕೂ ಜಾಸ್ತಿ ಆಟೊಮನ್ ತುರ್ಕರ ಕೈಕೆಳಗಿದ್ದು 1912ರಲ್ಲಿ ಸ್ವತಂತ್ರ ಆದ ದೇಶ ಇದು, ಹಂಗಾಗಿ ನಮ್ ಪಲಾವ್ ಥರದ ಪಿಲಾಫು, ಬಕ್ಲಾವಾ ಅನ್ನೋ ಸಿಹಿ ಎಲ್ಲಾ ಅಡುಗೆಮನೇಲಿ ಹಂಗೇ ಉಳ್ಕೊಂಡಿದೆ.

ನಮ್ ಕೆಳಗಿನ ಮನೆ ಅಜ್ಜಿ ಮಾಡೋದನ್ನ ಪಕ್ಕದಲ್ಲೇ ನಿಂತು ನೋಡ್ದೆ. ಇಡೀ ಕೋಳೀನ ಈರುಳ್ಳಿ, ಕ್ಯಾರೆಟ್ಟು, ಉಪ್ಪು, ಒಂದು ಪಲಾವ್ ಎಲೆ ಹಾಕಿ ಸಣ್ಣ ಉರೀಲಿ ಬೇಯಿಸ್ತಾರೆ, ಮೇಲೆ ಬರೋ ನೊರೆ ತೆಗೀತಾನೇ ಇರ್ತಾರೆ. ಆ ಕೋಳಿ ಬೆಂದ ನೀರೇ ಈ ಅಡುಗೆಯ ಜೀವ. ಆಮೇಲೆ ಅಕ್ಕೀನ ಬೆಣ್ಣೇಲಿ ಘಮ್ ಅನ್ನೋವರೆಗೂ ಹುರಿದು, ಟ್ರೇಗೆ ಹಾಕಿ, ಒಂದು ಲೋಟ ಅಕ್ಕಿಗೆ ಮೂರು ಲೋಟದ ಹತ್ರ ಆ ನೀರನ್ನ ಬಿಸಿಬಿಸಿ ಸುರಿದು, ಕೋಳಿ ತುಂಡುಗಳನ್ನ ಸ್ಕಿನ್ ಮೇಲೆ ಬರೋ ಹಂಗೆ ಜೋಡಿಸಿ ಓವನ್ನಿಗಿಡ್ತಾರೆ. ಅಕ್ಕಿ ಅಲ್ಲೇ ನೀರು ಕುಡೀತಾ ಕುಡೀತಾ ಅರಳುತ್ತೆ, ಕೋಳಿ ಜಿಡ್ಡು ಅನ್ನಕ್ಕಿಳಿಯುತ್ತೆ, ಸ್ಕಿನ್ನು ಕೆಂಪಗೆ ಗರಿಗರಿ ಆಗುತ್ತೆ, ಇನ್ನು ಟ್ರೇ ಅಂಚಿಗೆ ಅಂಟ್ಕೊಂಡಿರೋ ಸೀಕಲು ಇದ್ಯಲ್ಲ ಅದಕ್ಕೆ ಮೊಮ್ಮಕ್ಕಳ ಮಧ್ಯೆ ಜಗಳಾನೇ.

ಮಸಾಲೆ ಅಂದ್ರೆ ಕಾಳುಮೆಣಸು ಅಷ್ಟೇ. ನೀನು ಸಪ್ಪೆ ಅಂತೀಯ, ಗೊತ್ತು. ಆದ್ರೆ ಚಕ್ಕೆ ಲವಂಗ ಅಡ್ಡ ಬರದೇ ಇದ್ದಾಗ ಕೋಳಿಗೆ ಅದರದ್ದೇ ಎಷ್ಟು ರುಚಿ ಇದೆ ಅಂತ ನಂಗೆ ಗೊತ್ತಾಗಿದ್ದು ಇಲ್ಲೇ ಕಣೋ, ಬಿರಿಯಾನಿ ಲೆಕ್ಕದಲ್ಲಿ ಇದನ್ನ ಅಳೀಬೇಡ. ಪಕ್ಕದಲ್ಲಿ ಗಟ್ಟಿ ಮೊಸರು, ಟೊಮೇಟೊ ಸೌತೆಕಾಯಿ ಸಲಾಡು, ಕುಡಿಯೋಕೆ ಉಪ್ಪು ಹಾಕಿದ ಮಜ್ಜಿಗೆ. ಬಿಸಿ ಅನ್ನದ ಮೇಲೆ ಮೊಸರು ಹಾಕ್ಕೊಂಡು ತಿನ್ನೋರನ್ನ ನೋಡಿ ನಂಗಂತೂ ಸಕತ್ ಖುಷಿ ಆಯ್ತು.

ಈ ಮೊಸರಿನ ಪ್ರೀತಿ ಎಲ್ಬಸಾನ್ ಊರಲ್ಲಿ ಇನ್ನೂ ಒಂದು ಕೈ ಮುಂದೆ. ಅಲ್ಲಿಂದ ಬಂದಿದ್ದು ತಾವೆ ಕೋಸಿ, ಇಡೀ ದೇಶವೇ ನಮ್ದು ಅಂತ ಹೇಳ್ಕೊಳೋ ಅಡುಗೆ. ಮೂಲದಲ್ಲಿ ಕುರಿಮರಿ ಮಾಂಸ, ಕೋಳಿ ಹಾಕಿ ಮಾಡೋರೂ ಇದಾರೆ. ಕೆಳಗೆ ಮಾಂಸ, ಒಂದ್ ಹಿಡಿ ಅಕ್ಕಿ, ಮೇಲೆ ಮೊಸರು ಮೊಟ್ಟೆ ಕಡೆದು ಸುರಿಯೋದು. ಬೆಣ್ಣೇಲಿ ಹುರಿದ ಮೈದಾನೂ ಅದಕ್ಕೆ ಸೇರಿಸ್ತಾರೆ, ಇಲ್ಲಾಂದ್ರೆ ಓವನ್ ಬಿಸಿಗೆ ಮೊಸರು ಒಡೆದುಹೋಗುತ್ತೆ. ಬೆಂದ ಮೇಲೆ ಉಬ್ಬಿ ಹೊಂಬಣ್ಣ ಬಂದಿರುತ್ತೆ, ಚಮಚ ಹಾಕಿದ್ರೆ ಒಳಗೆಲ್ಲಾ ಮೆತ್ತಗೆ, ಸಣ್ಣ ಹುಳಿ.

ನೀನು ಮೊದಲು ಕೋಳಿ ಅನ್ನಾನೇ ಮಾಡು. ಬಾಸ್ಮತಿ ಬೇಡ, ಇದು ಉದುರುದುರಾಗಿ ಇರಬಾರ್ದು, ಸೋನಾಮಸೂರಿ ಸಾಕು. ನಾಟಿ ಕೋಳಿ ಸಿಕ್ರೆ ಬಿಡ್ಬೇಡ, ಬೇಯೋಕೆ ಟೈಮ್ ಹಿಡಿಯುತ್ತೆ ಆದ್ರೆ ನೀರಿಗೆ ಬರೋ ರುಚಿನೇ ಬೇರೆ. ಮೊದಲನೇ ಸಲ ಮಾತ್ರ ಮಸಾಲೆ ಡಬ್ಬಿ ಮುಟ್ಟಲೇಬೇಡ, ಮಾಡಿ ತಿಂದು ಹೆಂಗಿತ್ತು ಅಂತ ಬರಿ.