ಕೋಟೆ ಹೈಸ್ಕೂಲ್ ಪೆಂಡಾಲಲ್ಲಿ ಪಕ್ಕ ಕೂತಿದ್ದ ಅಮ್ಮನಿಗೆ

ಬೆಂಗಳೂರಿನ ಚಾಮರಾಜಪೇಟೆ ರಾಮನವಮಿ ಸಂಗೀತ ಕಚೇರಿಗಳಿಗೆ, 1939ರಿಂದ ನಡ್ಕೊಂಡು ಬಂದಿರೋದು, ನಾನು ಹೋಗ್ತಾನೇ ಇದ್ದೆ ಆದ್ರೆ ರಾಗಂ ತಾನಂ ಪಲ್ಲವಿ, ಅಂದ್ರೆ ರಾಗ ವಿಸ್ತರಿಸಿ ಕೊನೆಗೆ ಒಂದೇ ಸಾಲನ್ನ ತಾಳಕ್ಕೆ ಕೂರಿಸಿ ಹಾಡೋದು, ಶುರುವಾದ್ರೆ ಏನೂ ಹಿಡಿತಕ್ಕೆ ಸಿಗ್ತಿರ್ಲಿಲ್ಲ. ಈ ಸಲ ಪಕ್ಕದ ಕುರ್ಚಿಲಿ ಕೂತಿದ್ದ ಅಮ್ಮ, ಹೆಸರು ಕೇಳೋದಕ್ಕೂ ಆಗ್ಲಿಲ್ಲ, ನನ್ನ ಕೈ ನೋಡಿ "ಇದು ಆದಿ ತಾಳ ಅಲ್ಲಮ್ಮ, ಖಂಡ ತ್ರಿಪುಟ, ಒಂದು ತಟ್ಟಿ ನಾಲ್ಕು ಬೆರಳೆಣಿಸು, ಆಮೇಲೆ ಎರಡು ಸಲ ತಟ್ಟಿ ಬೀಸು, ಒಟ್ಟು 9" ಅಂತ ಮೆಲ್ಲಗೆ ಹೇಳಿ ತಮ್ಮ ತೊಡೆ ಮೇಲೆ ತಾಳ ಹಾಕ್ತಾ ನನಗೆ ಕಾಣೋ ಹಾಗೆ ಕೂತ್ರು.

ಅಷ್ಟೇ ಸಾಕಾಯ್ತು ನೋಡಿ! ಪಲ್ಲವಿ ಎತ್ತುಗಡೆ, ಅಂದ್ರೆ ಸಾಲು ಶುರುವಾಗೋ ಜಾಗ, ತಾಳದಲ್ಲಿ ಎಲ್ಲಿ ಬೀಳತ್ತೆ ಅಂತ ಗೊತ್ತಾದ್ಮೇಲೆ, ತಾಳವಾದ್ಯಗಳು ಮಾತ್ರ ನುಡಿಸೋ ತನಿ ಆವರ್ತನದಲ್ಲಿ ಮೃದಂಗ ಘಟ ಎರಡೂ ಎಲ್ಲೆಲ್ಲೋ ಸುತ್ತಾಡಿ ಕೊನೆ ಮುಕ್ತಾಯ ಮೂರು ಸಲ ನುಡಿಸಿ ಸರಿಯಾಗಿ ಅದೇ ಜಾಗಕ್ಕೆ ಬಂದಾಗ ಮೈ ಜುಂ ಅಂತು. ತನಿ ಬಂತು ಅಂತ ಕಾಫಿಗೆ ಎದ್ದು ಹೋಗೋರನ್ನ ಕಂಡ್ರೆ ಈಗ ನಿಜವಾಗ್ಲೂ ಬೇಜಾರಾಗತ್ತೆ.

ಅಮ್ಮ, ನೀವು ದರ್ಬಾರ್, ನಾಯಕಿ ರಾಗಗಳ ವ್ಯತ್ಯಾಸಾನೂ ಹೇಳ್ಕೊಟ್ರಿ. ಗಾ ಗಾ ರಿ ಸ, ನೀ ನೀ ದ ಪ ಅಂತ ಒತ್ತಿ ಬಂದ್ರೆ ದರ್ಬಾರ್, ಅದೇ ಮೆತ್ತಗೆ ಬಂದ್ರೆ ನಾಯಕಿ. ಮನೇಲಿ ಕೇಳಿ ನೋಡ್ದೆ, ಗೊತ್ತಾಗತ್ತೆ!

ಮಂಗಳ ಮುಗಿದ ಗಲಾಟೇಲಿ ನೀವು ಹೊರಟೇಬಿಟ್ರಿ. ತುಂಬಾ ತುಂಬಾ ಥ್ಯಾಂಕ್ಸ್ ಅಮ್ಮ. ಮುಂದಿನ ವರ್ಷಾನೂ ಎಡಗಡೆ ಸಾಲಲ್ಲೇ, ಪಿಟೀಲಿನವರು ಚೆನ್ನಾಗಿ ಕಾಣೋ ಕಡೆ ಕೂತಿರ್ತೀನಿ, ದಯವಿಟ್ಟು ಬನ್ನಿ.